ಹೆಣ್ಣು ಶೋಗನ್‌ಗಳ ‘ಓಓಕು’: ಆರು ರೂಪಗಳಲ್ಲಿ ಯಾವುದನ್ನು ಆರಿಸೋದು?

ಜಪಾನಿನ ಫುಮಿ ಯೊಶಿನಾಗಾ ಬರೆದು ಚಿತ್ರಿಸಿದ ‘ಓಓಕು’ ಕಥೆ ಇವತ್ತು ಆರು ರೂಪಗಳಲ್ಲಿದೆ. 19 ಸಂಪುಟಗಳ ಮಾಂಗಾ (ಜಪಾನಿ ಕಾಮಿಕ್ಸ್), 2010ರ ಸಿನಿಮಾ, 2012ರ ಟಿವಿ ಧಾರಾವಾಹಿ, ಅದರ ಬೆನ್ನಿಗೇ ಬಂದ ಇನ್ನೊಂದು ಸಿನಿಮಾ, ಜಪಾನಿನ ಸಾರ್ವಜನಿಕ ವಾಹಿನಿ ಎನ್‌ಎಚ್‌ಕೆಯ 2023ರ ಧಾರಾವಾಹಿ, ಅದೇ ವರ್ಷದ ನೆಟ್‌ಫ್ಲಿಕ್ಸ್ ಆನಿಮೆ (ಜಪಾನಿ ಕಾರ್ಟೂನ್ ಸರಣಿ). ಎಲ್ಲದಕ್ಕೂ ಹೆಸರು ಹೆಚ್ಚುಕಡಿಮೆ ಒಂದೇ. ಹಾಗಾಗಿ ಎಲ್ಲವೂ ಒಂದೇ ಕಥೆ ಹೇಳುತ್ತವೆ ಅಂದುಕೊಳ್ಳೋದು ಸಹಜ. ಆದರೆ ಹಾಗಿಲ್ಲ. ಒಂದು ಸಿನಿಮಾ ಮೊದಲ ಸಂಪುಟಕ್ಕೇ ಮುಗಿಯುತ್ತದೆ. ಆನಿಮೆ ನಾಲ್ಕನೆಯ ಸಂಪುಟದ ಹತ್ತಿರ ಕೈಬಿಡುತ್ತದೆ. ಕೊನೆಯವರೆಗೂ ಹೋಗೋದು ಎರಡೇ ಎರಡು.

ಇದು ಸಣ್ಣ ವ್ಯತ್ಯಾಸ ಅಲ್ಲ. ಅರ್ಧಕ್ಕೆ ನಿಲ್ಲಿಸಿದರೆ ‘ಓಓಕು’ ಅರಮನೆಯೊಳಗಿನ ಒಂದು ಪ್ರೇಮದುರಂತ. ಪೂರ್ತಿ ಹೋದರೆ ಅದು ಒಂದು ಕಾಯಿಲೆಯ ಕಥೆ, ಅದಕ್ಕೆ ಮದ್ದು ಹುಡುಕಿದವರ ಕಥೆ, ಹೆಂಗಸರ ಇನ್ನೂರು ವರ್ಷದ ಆಳ್ವಿಕೆ ಪುಸ್ತಕಗಳಿಂದ ಹೇಗೆ ಅಳಿಸಿಹೋಯಿತು ಅನ್ನೋ ಕಥೆ. ಆದ್ದರಿಂದ ನಟರು ಹೇಗಿದ್ದಾರೆ, ಚಿತ್ರ ಹೇಗಿದೆ ಅಂತ ಕೇಳೋ ಮೊದಲು, ನಿಮಗೆ ಎಷ್ಟು ದೂರ ಹೋಗೋ ಮನಸ್ಸಿದೆ ಅಂತ ಕೇಳಿಕೊಳ್ಳಿ. ಆಯ್ಕೆ ಅರ್ಧ ಅಲ್ಲೇ ಮುಗಿಯುತ್ತದೆ.

ಮೊದಲು, ಏನಿದು ಕಥೆ

ಗುಡ್ಡಗಾಡಿನ ಒಂದು ಹಳ್ಳಿ. ಕಾಡಿಗೆ ಹೋದ ಹುಡುಗನೊಬ್ಬನ ಮೇಲೆ ಕರಡಿ ಬೀಳುತ್ತದೆ. ಅವನ ಮೈಮೇಲೆ ಕೆಂಪು ಬೊಕ್ಕೆ ಏಳುತ್ತವೆ. ಅಲ್ಲಿಂದ ಹಬ್ಬುವ ‘ಕೆಂಪು ಮುಖದ ಸಿಡುಬು’ ಹುಡುಗರನ್ನೂ ಪ್ರಾಯದ ಗಂಡಸರನ್ನೂ ಮಾತ್ರ ಹಿಡಿಯುತ್ತದೆ. ನೋಡನೋಡುತ್ತಿದ್ದಂತೆ ಗಂಡಸರ ಸಂಖ್ಯೆ ಹೆಂಗಸರ ಕಾಲುಭಾಗಕ್ಕೆ ಇಳಿಯುತ್ತದೆ. ಉಳಿದ ಗಂಡುಮಕ್ಕಳನ್ನು ಮನೆಯೊಳಗೇ ಇಟ್ಟು ಕಾಪಾಡುತ್ತಾರೆ. ಹೊಲ, ಅಂಗಡಿ, ಹೊರೆ ಹೊರುವುದು, ಕಡೆಗೆ ಆಡಳಿತ, ಎಲ್ಲ ಹೆಂಗಸರ ಹೆಗಲಿಗೆ ಬರುತ್ತದೆ. ಮೂರನೆಯ ಶೋಗನ್ (ಜಪಾನನ್ನು ಆಳುತ್ತಿದ್ದ ಸೇನಾಧಿಪತಿ) ಇಯೆಮಿತ್ಸು ಈ ರೋಗಕ್ಕೇ ಬಲಿಯಾದಾಗ, ಅವನನ್ನು ಸಾಕಿ ಬೆಳೆಸಿದ ದಾದಿ ಕಸುಗಾ ಸಾವನ್ನು ಮುಚ್ಚಿಟ್ಟು, ಅವನ ಮಗಳಿಗೆ ಗಂಡುವೇಷ ಹಾಕಿಸಿ ಅವನ ಹೆಸರಲ್ಲೇ ಗದ್ದುಗೆಯ ಮೇಲೆ ಕೂರಿಸುತ್ತಾಳೆ.

ನಿಜವಾದ ಇತಿಹಾಸದಲ್ಲಿ ಓಓಕು ಅಂದರೆ ಎಡೊ (ಈಗಿನ ಟೋಕಿಯೊ) ಕೋಟೆಯ ಅಂತಃಪುರ. ಶೋಗನ್‌ನ ತಾಯಿ, ಹೆಂಡತಿ, ಉಪಪತ್ನಿಯರು, ಅವರ ಊಳಿಗದವರು ಇದ್ದ ಜಾಗ. ಕಥೆಯಲ್ಲಿ ಅದೇ ಕೋಣೆಗಳಲ್ಲಿ ಗಂಡಸರು ತುಂಬಿಕೊಂಡಿದ್ದಾರೆ. ಗಂಡಸೇ ಸಿಗದ ನಾಡಿನಲ್ಲಿ ಒಬ್ಬ ಹೆಣ್ಣಿಗಾಗಿ ಅಷ್ಟೊಂದು ಗಂಡಸರನ್ನು ಕೂಡಿಹಾಕುವುದು ಅಂದರೆ ಎಂಥ ದೌಲತ್ತು, ಅಲ್ವಾ? ಆ ದೌಲತ್ತೇ ಕಥೆಯ ಮೊದಲ ಚುರುಕು.

ಇದನ್ನು ಹೆಂಗಸರ ಸುವರ್ಣಯುಗ ಅಂದುಕೊಂಡು ಹೋದರೆ ನಿರಾಸೆ ಖಂಡಿತ. ಮಗು ಬೇಕೆಂಬ ಬಡ ಹೆಂಗಸರು ಒಂದು ರಾತ್ರಿಗೆ ದುಡ್ಡು ಕೊಟ್ಟು ಗಂಡಸನ್ನು ಪಡೆಯಬೇಕು. ಬಡವರ ಮನೆಯವರು ಮಗನನ್ನು ಬಾಡಿಗೆಗೆ ಬಿಡುತ್ತಾರೆ. ಶೋಗನ್ ಆದವಳಿಗೂ ವಾರಸುದಾರನನ್ನು ಹೆರುವ ಕೆಲಸದಿಂದ ಬಿಡುಗಡೆಯಿಲ್ಲ. ಆಳುವವರು ಬದಲಾದರೂ ವಂಶ ಮುಂದುವರಿಯಬೇಕೆಂಬ ಹಟ ಬದಲಾಗುವುದಿಲ್ಲ. ಯೊಶಿನಾಗಾ ಈ ಹಟವನ್ನೇ ಹಿಡಿದು ತಲೆಮಾರಿನ ಮೇಲೆ ತಲೆಮಾರು ಪರೀಕ್ಷೆ ಮಾಡುತ್ತಾರೆ.

ಮಾಂಗಾ: ನನ್ನ ಓಟು ಇದಕ್ಕೇ

2004ರಲ್ಲಿ ‘ಮೆಲೊಡಿ’ ಪತ್ರಿಕೆಯಲ್ಲಿ ಶುರುವಾಗಿ 2020ರ ಕೊನೆಗೆ ಮುಗಿದ ಕೃತಿ. ಹದಿನಾರು ವರ್ಷ ಒಬ್ಬರೇ ಕೂತು ಎಳೆದ ಕಥೆ. 2009ರಲ್ಲಿ ತೆಜುಕಾ ಒಸಾಮು ಸಾಂಸ್ಕೃತಿಕ ಪ್ರಶಸ್ತಿಯ ಮಹಾಬಹುಮಾನ ಬಂತು. ಅದೇ ವರ್ಷದ ಜೇಮ್ಸ್ ಟಿಪ್‌ಟ್ರೀ ಪ್ರಶಸ್ತಿಯೂ ಇದಕ್ಕೆ ಸಂದಿತು. ಗಂಡು–ಹೆಣ್ಣಿನ ಬಗ್ಗೆ ಹೊಸದಾಗಿ ಯೋಚಿಸುವ ಕಾಲ್ಪನಿಕ ಬರವಣಿಗೆಗೆ ಅಮೆರಿಕದಲ್ಲಿ ಕೊಡುವ ಪ್ರಶಸ್ತಿ ಅದು.

ಮೊದಲ ಸಂಪುಟ ಇಯೆಮಿತ್ಸುವಿನಿಂದ ಶುರುವಾಗೋದಿಲ್ಲ. ನೇರ ಎಂಟನೆಯ ಶೋಗನ್ ಯೊಶಿಮುನೆಯ ಕಾಲಕ್ಕೆ, ಅಂದರೆ 1716ರ ಹೊತ್ತಿಗೆ ಹೋಗುತ್ತದೆ. ಮಿಜುನೊ ಎಂಬ ಬಡ ಸಮುರಾಯ್ ಮನೆಯ ಹುಡುಗ ಮನೆಯವರ ಕಷ್ಟ ನೀಗಲೆಂದು ಓಓಕು ಸೇರುತ್ತಾನೆ. ಪ್ರೀತಿಸಿದ ಹುಡುಗಿ ವ್ಯಾಪಾರಸ್ಥರ ಮನೆಯವಳು, ಮದುವೆ ಆಗುವಂತಿಲ್ಲ. ಒಳಗೆ ಹೋದರೆ ಅಲ್ಲಿ ನೂರೆಂಟು ದರ್ಜೆ, ಹೊಟ್ಟೆಕಿಚ್ಚು, ಬಟ್ಟೆಯ ಪೈಪೋಟಿ. ಆಮೇಲೆ ಗಂಟೆಯ ಹಜಾರದ ದೃಶ್ಯ. ಶೋಗನ್ ಬರುವಾಗ ಗಂಟೆ ಬಾರಿಸುತ್ತಾರೆ, ಎರಡೂ ಬದಿಯಲ್ಲಿ ಗಂಡಸರು ಸಾಲಾಗಿ ಮಂಡಿಯೂರಿ ತಲೆ ತಗ್ಗಿಸಿರುತ್ತಾರೆ. ಒಬ್ಬೊಬ್ಬರದ್ದು ಒಂದೊಂದು ಚಿತ್ತಾರದ ಉಡುಪು. ಅವರ ನಡುವೆ ಮಿಜುನೊ ಮಾತ್ರ ಕಪ್ಪು ಉಟ್ಟಿದ್ದಾನೆ. ಮಾಂಗಾದಲ್ಲಿ ಬಣ್ಣವೇ ಇಲ್ಲವಲ್ಲ, ಹಾಗಾಗಿ ಗಿಜಿಗುಡುವ ಗೆರೆಗಳ ನಡುವೆ ಆ ಕಪ್ಪು ಬಂದು ಕಣ್ಣಿಗೆ ಬಡಿಯುತ್ತದೆ. ಯೊಶಿಮುನೆ ನಿಲ್ಲುತ್ತಾಳೆ. ಓದುತ್ತಿರುವ ನಾವೂ ನಿಲ್ಲುತ್ತೇವೆ. ಸಿನಿಮಾದವರು ಎಷ್ಟು ಬಣ್ಣ ಸುರಿದರೂ ಈ ಒಂದು ಪುಟದ ಏಟು ಅವರಿಗೆ ಸಿಕ್ಕಿಲ್ಲ ಅಂತ ನನಗನಿಸುತ್ತದೆ.

ಯೊಶಿಮುನೆ ಜಿಪುಣಿ. ಚಿನ್ನದ ದಾರ ಕಂಡರೆ ಲೆಕ್ಕ ಕೇಳುವವಳು. ಓಓಕುವಿನ ಐವತ್ತು ಸುಂದರಾಂಗರನ್ನು ಆರಿಸಿ ಕರೆಸುತ್ತಾಳೆ. ಎಲ್ಲರಿಗೂ ಖುಷಿ. ಕರೆಸಿದ್ದು ಕೆಲಸದಿಂದ ಬಿಡಿಸಿ ಮನೆಗೆ ಕಳಿಸೋಕೆ! ನೋಡೋಕೆ ಚೆನ್ನಾಗಿರೋರಿಗೆ ಹೊರಗೆ ಬೇಗ ಮದುವೆ ಆಗುತ್ತದೆ ಅನ್ನೋದು ಅವಳ ವಾದ. ಇದು ಯೊಶಿನಾಗಾ ಹುಟ್ಟಿಸಿದ ತಮಾಷೆ ಅಲ್ಲ. ಇತಿಹಾಸದ ಯೊಶಿಮುನೆ ಅಂತಃಪುರದ ಚೆಲುವೆಯರನ್ನು ಹೀಗೇ ಮನೆಗೆ ಕಳಿಸಿದ ಎಂಬ ಕಥೆ ಜಪಾನಿನಲ್ಲಿ ಪ್ರಸಿದ್ಧ. ಮಾಂಗಾದ ಮಜಾ ಇರೋದೇ ಇಲ್ಲಿ. ದಾಖಲಾದ ಪ್ರಸಂಗವನ್ನು ಹಾಗೇ ಎತ್ತಿಕೊಂಡು ಗಂಡು–ಹೆಣ್ಣನ್ನು ಮಾತ್ರ ಅದಲುಬದಲು ಮಾಡುತ್ತಾರೆ. ನೋಡಿದರೆ ಪ್ರಸಂಗದ ಅರ್ಥವೇ ಬೇರೆಯಾಗಿರುತ್ತದೆ.

ಇದೇ ಸಂಪುಟದಲ್ಲಿ ಕಥೆಯ ಕೀಲಿಯೂ ಇದೆ. ಡಚ್ ವ್ಯಾಪಾರಿಗಳ ಮುಖ್ಯಸ್ಥ ಶೋಗನ್ ದರ್ಶನಕ್ಕೆ ಬರುತ್ತಾನೆ. ಯೊಶಿಮುನೆ ತೆರೆಯ ಹಿಂದೆ ಕೂತಿದ್ದಾಳೆ, ಗಂಡಸಿನ ಹೆಸರಿನಲ್ಲಿ. ಬಂದವರೆಲ್ಲ ಗಂಡಸರೇ. ಅವರ ದೇಶದಲ್ಲಿ ಗಂಡಸರಿಗೆ ಬರವೇ ಇಲ್ಲವಾ? ಮತ್ತೆ ನಮ್ಮಲ್ಲಿ ಹೆಂಗಸು ಪಟ್ಟಕ್ಕೆ ಬಂದರೂ ಗಂಡಸಿನ ಹೆಸರು ಯಾಕೆ ಇಟ್ಟುಕೊಳ್ಳಬೇಕು? ಕೇಳಿದರೆ ಯಾರಿಗೂ ಗೊತ್ತಿಲ್ಲ, ಮೊದಲಿಂದ ಹಾಗೇ ಅಂತಾರೆ. ಕಡೆಗೆ ಓಓಕುವಿನ ಮುದಿ ಲಿಪಿಕಾರ ಬಚ್ಚಿಟ್ಟ ದಾಖಲೆಯೊಂದು ಅವಳ ಕೈಗೆ ಬರುತ್ತದೆ. ಎರಡನೆಯ ಸಂಪುಟದಿಂದ ನಾವು ಓದೋದು ಆ ದಾಖಲೆಯನ್ನೇ. ಪುಸ್ತಕದಲ್ಲಿ ಬರೀ ಗಂಡಸರ ಹೆಸರಿದೆ ಅಂದ ಮಾತ್ರಕ್ಕೆ ಆಳಿದ್ದು ಗಂಡಸರೇ ಅಂತ ಹೇಗೆ ಹೇಳ್ತೀರಿ ಅನ್ನೋ ತುಂಟ ಪ್ರಶ್ನೆ ಇಲ್ಲಿ ಮೊಳೆಯುತ್ತದೆ. ಉತ್ತರ ಪೂರ್ತಿ ಸಿಗೋದು ಹತ್ತೊಂಬತ್ತನೆಯ ಸಂಪುಟದಲ್ಲಿ.

ಇನ್ನು ತೊಂದರೆಗಳು. ಕನ್ನಡದಲ್ಲಿ ಇಲ್ಲ, ಇಂಗ್ಲಿಷಿನಲ್ಲಿ ಓದಬೇಕು. ವಿಜ್ ಮೀಡಿಯಾ 2009ರಿಂದ ತಂದ ಇಂಗ್ಲಿಷ್ ಅನುವಾದದಲ್ಲಿ ಎಲ್ಲರೂ ಹಳೇ ಕಾಲದ ಇಂಗ್ಲಿಷ್ ಮಾತಾಡುತ್ತಾರೆ. ಕಂಪನಿ ನಾಟಕದ ರಾಜ ಕಾಫಿ ಕೇಳಿದ ಹಾಗಿರುತ್ತದೆ ಕೆಲವು ಕಡೆ. ಇಂಗ್ಲಿಷ್ ಓದುಗರಲ್ಲೇ ಎಷ್ಟೋ ಜನ ಇದಕ್ಕೆ ಗೊಣಗಿದ್ದಾರೆ. ಮೊದಲ ಸಂಪುಟದ ಅರ್ಧ ಕಷ್ಟ, ಆಮೇಲೆ ಕಿವಿ ಒಗ್ಗುತ್ತದೆ. ಎರಡನೆಯ ತೊಂದರೆ ಹೆಸರುಗಳದ್ದು. ಇಯೆಮಿತ್ಸು, ಇಯೆತ್ಸುನಾ, ಇಯೆನೊಬು, ಇಯೆಶಿಗೆ, ಇಯೆಹರು, ಇಯೆನರಿ, ಇಯೆಸದಾ, ಇಯೆಮೊಚಿ. ಇವರೆಲ್ಲ ಬೇರೆ ಬೇರೆ ಶೋಗನ್‌ಗಳು! ಮೂರನೆಯ ತೊಂದರೆ ಚಿತ್ರದ್ದು. ಯೊಶಿನಾಗಾ ಹಿನ್ನೆಲೆ ಜಾಸ್ತಿ ಬಿಡಿಸುವವರಲ್ಲ. ಮುಖದ ಮೇಲೆ ಮುಖ, ನಡುವೆ ಮಾತಿಲ್ಲದ ಚೌಕಗಳು. ಕತ್ತಿವರಸೆ ನೋಡೋಕೆ ಬಂದವರಿಗೆ ಇದು ಸಪ್ಪೆ. ಕೂತು ಮಾತಾಡುತ್ತಿರುವ ಇಬ್ಬರಲ್ಲಿ ಒಬ್ಬರ ಹುಬ್ಬು ಅಲುಗಿದ್ದನ್ನು ಗಮನಿಸುವವರಿಗೆ ಹಬ್ಬ.

ನೆಟ್‌ಫ್ಲಿಕ್ಸ್ ಆನಿಮೆ: ಕೈಗೆ ಸಿಗೋದು ಇದು, ಆದರೆ

ನಮ್ಮಲ್ಲಿ ಬಹಳ ಜನಕ್ಕೆ ‘ಓಓಕು’ ಪರಿಚಯ ಆಗೋದು ಇದರಿಂದಲೇ. 2023ರ ಜೂನ್ 29ಕ್ಕೆ ಹತ್ತೂ ಕಂತು ಒಟ್ಟಿಗೆ ಬಂದವು. ಸ್ಟುಡಿಯೊ ಡೀನ್ ಮಾಡಿದ್ದು, ನೊರಿಯುಕಿ ಅಬೆ ನಿರ್ದೇಶನ, ಕೆಂಜಿ ಕವಾಯ್ ಸಂಗೀತ. ಮೊದಲ ಕಂತೇ ಸುಮಾರು 80 ನಿಮಿಷ. ಮಿಜುನೊ–ಯೊಶಿಮುನೆ ಕಥೆಯನ್ನು ಅದರಲ್ಲೇ ಮುಗಿಸಿ, ಉಳಿದ ಒಂಬತ್ತು ಕಂತುಗಳನ್ನು ಹೆಣ್ಣು ಇಯೆಮಿತ್ಸು ಮತ್ತು ಅರಿಕೊತೊಗೆ ಬಿಟ್ಟುಕೊಡುತ್ತದೆ.

ಅರಿಕೊತೊ ಕ್ಯೋಟೊದ ಶ್ರೀಮಂತ ಮನೆತನದಿಂದ ಬಂದ ಸನ್ಯಾಸಿ. ಮಠಾಧಿಪತಿಯಾದ ಮೇಲೆ ವಾಡಿಕೆಯಂತೆ ಶೋಗನ್‌ಗೆ ನಮಸ್ಕಾರ ಹೇಳಿ ಹೋಗೋಣ ಅಂತ ಎಡೊಗೆ ಬರುತ್ತಾನೆ. ಅವನ ರೂಪ ಕಂಡ ಕಸುಗಾ ವಾಪಸ್ ಬಿಡುವುದಿಲ್ಲ. ವ್ರತ ಮುರಿಯಲ್ಲ ಅಂತ ಹಟ ಹಿಡಿದರೆ ಜೊತೆಗೆ ಬಂದಿದ್ದ ಸನ್ಯಾಸಿಯನ್ನೇ ಕಡಿದುಹಾಕುತ್ತಾರೆ. ಇದಕ್ಕೂ ಇತಿಹಾಸದಲ್ಲಿ ಮೂಲವಿದೆ. ಮಠಾಧಿಪತ್ನಿಯಾಗಿ ಶೋಗನ್ ದರ್ಶನಕ್ಕೆ ಬಂದ ಕ್ಯೋಟೊ ಮನೆತನದ ಒಬ್ಬ ಸನ್ಯಾಸಿನಿಯನ್ನು ನಿಜವಾದ ಇಯೆಮಿತ್ಸು ಎಡೊದಲ್ಲೇ ಉಳಿಸಿಕೊಂಡು, ಕೂದಲು ಬೆಳೆಸುವಂತೆ ಮಾಡಿ ಉಪಪತ್ನಿ ಮಾಡಿಕೊಂಡ. ಅವಳ ಹೆಸರು ಒಮಾನ್. ಇತಿಹಾಸದ ಪುಸ್ತಕದಲ್ಲಿ ಇದು ಒಂದೆರಡು ಸಾಲಿನ ರಸಿಕತನದ ಕಥೆಯಾಗಿ ಬಂದುಹೋಗುತ್ತದೆ. ಹೆಣ್ಣಿನ ಜಾಗದಲ್ಲಿ ಗಂಡು ಇಟ್ಟು ನೋಡಿದಾಗ ಅದು ಎಂಥ ಕ್ರೌರ್ಯ ಅಂತ ಹೊಳೆಯುತ್ತದೆ.

ಹುಡುಗಿ ಇಯೆಮಿತ್ಸು ಮೊದಮೊದಲು ರಾಕ್ಷಸಿಯಂತೆ ಕಾಣುತ್ತಾಳೆ. ತನ್ನನ್ನು ಹೆಣ್ಣಾಗಿ ಇರಲು ಬಿಡದವರ ಮೇಲಿನ ಸಿಟ್ಟು ಅದು. ಒಂದು ದಿನ ಓಓಕುವಿನ ಗಂಡಸರಿಗೆಲ್ಲ ಹೆಂಗಸರ ವೇಷ ಹಾಕಿಸಿ ನಗಾಡುತ್ತಾಳೆ. ಎಲ್ಲರೂ ವಿಕಾರವಾಗಿ ಕಾಣುತ್ತಾರೆ, ಅರಿಕೊತೊ ಮಾತ್ರ ಚೆಂದ. ಅವನು ಎದ್ದು ಬಂದು ತನ್ನ ಮೈಮೇಲಿದ್ದ ಹೆಂಗಸರ ಮೇಲುಡುಪನ್ನು ತೆಗೆದು ಅವಳ ಹೆಗಲಿಗೆ ಹೊದಿಸುತ್ತಾನೆ. ಇದು ನಿಮಗೇ ಒಪ್ಪುತ್ತದೆ ಅನ್ನುತ್ತಾನೆ. ಅಷ್ಟೇ. ಅಷ್ಟು ಹೊತ್ತು ಕಿರುಚುತ್ತಿದ್ದವಳು ಕುಸಿದು ಅಳುತ್ತಾಳೆ. ಆನಿಮೆ ಈ ದೃಶ್ಯವನ್ನು ಅವಸರ ಮಾಡದೆ ತೋರಿಸುತ್ತದೆ. ಅರಿಕೊತೊಗೆ ದನಿ ಕೊಟ್ಟ ಮಮೊರು ಮಿಯಾನೊ ಇಲ್ಲಿ ದನಿ ಎತ್ತುವುದೇ ಇಲ್ಲ, ಅದೇ ಇಲ್ಲಿ ಕೆಲಸ ಮಾಡುತ್ತದೆ.

ಆದರೆ ಎರಡು ವಿಷಯ ಗೊತ್ತಿರಲಿ. ಒಂದು, ಲೈಂಗಿಕ ಹಿಂಸೆ, ಕೊಲೆ ಸಾಕಷ್ಟಿದೆ. ಕಾರ್ಟೂನ್ ಅಂದುಕೊಂಡು ಮನೆಮಂದಿಯ ಜೊತೆ ಹಾಕಿ ಕೂರಬೇಡಿ. (ಮಾಂಗಾದ ಇಂಗ್ಲಿಷ್ ಸಂಪುಟಗಳೂ ದೊಡ್ಡವರಿಗೆ ಅಂತಲೇ ಮುದ್ರೆ ಹಾಕಿಸಿಕೊಂಡಿವೆ.) ಇನ್ನೊಂದು, ಹಾಕಿದ ಅಡಿಪಾಯದ ಮೇಲೆ ಮನೆ ಏಳುವ ಮೊದಲೇ ಕಂತು ಮುಗಿದಿರುತ್ತದೆ. ಯೊಶಿಮುನೆ ದಾಖಲೆ ಓದಿ ಏನು ಮಾಡಿದಳು? ರೋಗಕ್ಕೆ ಮದ್ದು ಸಿಕ್ಕಿತಾ? ಇದರಲ್ಲಿ ಉತ್ತರ ಇಲ್ಲ. ಚಲನೆಯೂ ಕೆಲವು ಕಡೆ ಬಡವಾಗಿದೆ, ನಿಂತ ಚಿತ್ರವನ್ನೇ ಹಿಂದೆ ಮುಂದೆ ಜರುಗಿಸಿದ ಹಾಗೆ. ಪ್ರೇಮಕಥೆ ಸಾಕು ಅನ್ನುವವರಿಗೆ ಧಾರಾಳವಾಗಿ ಸಾಕು.

ಹಳೆಯ ಸಿನಿಮಾಗಳು, ಟಿಬಿಎಸ್ ಧಾರಾವಾಹಿ

2010ರ ಸಿನಿಮಾ ಮೊದಲ ಸಂಪುಟದ ಕಥೆಯಷ್ಟೇ. ಮಿಜುನೊ ಆಗಿ ಕಜುನಾರಿ ನಿನೊಮಿಯಾ, ಯೊಶಿಮುನೆ ಆಗಿ ಕೊ ಶಿಬಾಸಾಕಿ. ಬಟ್ಟೆ, ಬಣ್ಣ, ಸುಂದರಾಂಗರ ಸಾಲು ಎಲ್ಲ ಇದೆ. ಎರಡು ಗಂಟೆಯಲ್ಲಿ ಈ ಕಲ್ಪನೆ ನಮಗೆ ಹಿಡಿಸುತ್ತದಾ ಅಂತ ರುಚಿ ನೋಡೋಕೆ ಸರಿ. ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ. ಡಚ್ ವ್ಯಾಪಾರಿಯ ಪ್ರಸಂಗ ಎತ್ತುವ ದೊಡ್ಡ ಪ್ರಶ್ನೆಗೆ ಸಿನಿಮಾದಲ್ಲಿ ಜಾಗವಿಲ್ಲ.

2012ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಟಿಬಿಎಸ್ ವಾಹಿನಿಯಲ್ಲಿ ಬಂದ ಹತ್ತು ಕಂತುಗಳ ಧಾರಾವಾಹಿ ಇಯೆಮಿತ್ಸು–ಅರಿಕೊತೊ ಭಾಗ. ಅಂದರೆ ಆನಿಮೆಯ ದೊಡ್ಡ ಪಾಲು ಕಥೆಯೇ. ಮಿಕಾಕೊ ತಾಬೆ ಇಯೆಮಿತ್ಸು, ಮಸಾತೊ ಸಕಾಯ್ ಅರಿಕೊತೊ. ಸಕಾಯ್ ಅವರ ನಗುಮುಖದಲ್ಲೇ ನೋವು ಬಚ್ಚಿಡೋ ಕಲೆ ಅರಿಕೊತೊಗೆ ಹೇಳಿ ಮಾಡಿಸಿದ ಹಾಗಿದೆ. ಆನಿಮೆ ಇಷ್ಟವಿಲ್ಲ, ಆದರೆ ಈ ಪ್ರೇಮಕಥೆ ಬೇಕು ಅಂದರೆ ಇದನ್ನೇ ಹುಡುಕಿ.

ಇದು ಮುಗಿದ ಕೂಡಲೇ ಅದೇ ಡಿಸೆಂಬರ್‌ನಲ್ಲಿ ತೆರೆಗೆ ಬಂದ ಸಿನಿಮಾ ಐದನೆಯ ಶೋಗನ್ ತ್ಸುನಯೊಶಿಯದ್ದು. ಇತಿಹಾಸದಲ್ಲಿ ‘ನಾಯಿ ಶೋಗನ್’ ಅಂತ ಹೆಸರಾದ, ಪ್ರಾಣಿದಯೆಯ ಕಾನೂನು ತಂದು ಜನರಿಂದ ಬೈಸಿಕೊಂಡ ತ್ಸುನಯೊಶಿ ಇಲ್ಲಿ ಹೆಣ್ಣು. ಮಗಳನ್ನು ಕಳೆದುಕೊಂಡ ತಾಯಿ, ವಾರಸುದಾರ ಬೇಕೆಂದು ಹಟ ಹಿಡಿದ ಅಪ್ಪನ ಒತ್ತಾಯಕ್ಕೆ ವಯಸ್ಸು ಮೀರುವವರೆಗೂ ಹೊಸ ಹೊಸ ಗಂಡಸರ ಜೊತೆ ರಾತ್ರಿ ಕಳೆಯಬೇಕಾದವಳು. ಮಿಹೊ ಕನ್ನೊ ಈ ಪಾತ್ರ ಮಾಡಿದ್ದಾರೆ. ಎದುರಿಗೆ ಎಮೊನ್ನೊಸುಕೆ ಆಗಿ ಮತ್ತೆ ಸಕಾಯ್. ಅರಿಕೊತೊನನ್ನು ಹೋಲುವ ಮನುಷ್ಯ ಅಂತ ಕಥೆಯಲ್ಲೇ ಇರೋದರಿಂದ ಒಬ್ಬರೇ ನಟ ಎರಡನ್ನೂ ಮಾಡಿದ್ದು ಸರಿಹೋಗಿದೆ. ಮುಂದಿನ ವರ್ಷ ಕನ್ನೊ, ಸಕಾಯ್ ನಿಜಜೀವನದಲ್ಲೂ ಮದುವೆಯಾದರು. ಕಥೆಯ ಜೋಡಿಗೆ ಸಿಗದ ಸುಖ ಅವರಿಗಾದರೂ ಸಿಕ್ಕಿತಲ್ಲ.

ಎನ್‌ಎಚ್‌ಕೆ 2023: ನೋಡೋದೇ ಆದರೆ ಇದನ್ನು

ಜನವರಿಯಿಂದ ಮಾರ್ಚ್‌ವರೆಗೆ ಹತ್ತು ಕಂತು, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹನ್ನೊಂದು. ಒಟ್ಟು 21. ಯೊಶಿಕೊ ಮೊರಿಶಿತಾ ಚಿತ್ರಕಥೆ. ಮಾಂಗಾ 2020ರಲ್ಲಿ ಮುಗಿದ ಮೇಲೆ ಬಂದದ್ದರಿಂದ ಇವರಿಗೆ ಕೊನೆ ಗೊತ್ತಿತ್ತು, ಕೊನೆಯವರೆಗೂ ಹೋದರು. 2010, 2012ರವರಿಗೆ ಆ ಅದೃಷ್ಟ ಇರಲಿಲ್ಲ, ಆಗ ಮಾಂಗಾ ಇನ್ನೂ ನಡೆಯುತ್ತಿತ್ತು.

ಯೊಶಿಮುನೆ ಆಗಿ ಆಯ್ ತೊಮಿನಾಗಾ. ಪ್ಯಾರಿಸ್, ಮಿಲಾನ್ ಕಂಡ ಎತ್ತರದ ಮಾಡೆಲ್. ಅವರು ಹಜಾರದಲ್ಲಿ ನಡೆದು ಬಂದರೆ ಸಾಕು, ಯಾರು ಶೋಗನ್ ಅಂತ ಬೇರೆ ಹೇಳಬೇಕಿಲ್ಲ. ಮೊದಲ ಸೀಸನ್ ಮಿಜುನೊ, ಇಯೆಮಿತ್ಸು, ತ್ಸುನಯೊಶಿ ಮೂರೂ ಕಥೆಗಳನ್ನು ಹೇಳಿ ಮತ್ತೆ ಯೊಶಿಮುನೆಗೆ ಬರುತ್ತದೆ. ಆನಿಮೆ ಒಂಬತ್ತು ಕಂತು ಬಳಸಿದ ಪ್ರೇಮಕಥೆ ಇಲ್ಲಿ ಕೆಲವೇ ಕಂತುಗಳಲ್ಲಿ ಮುಗಿಯುತ್ತದೆ. ಅವಸರ ಅನಿಸಬಹುದು. ಆದರೆ ಬೇರೆ ಬೇರೆ ಕಾಲದ ಕಥೆಗಳು ಹತ್ತಿರ ಹತ್ತಿರ ಬರೋದರಿಂದ ಒಂದು ಲಾಭ ಇದೆ. ಇಯೆಮಿತ್ಸು ಪಟ್ಟ ಕಷ್ಟವೇ ತ್ಸುನಯೊಶಿಗೆ ಬೇರೆ ರೂಪದಲ್ಲಿ ಬಂದದ್ದು ಎದ್ದು ಕಾಣುತ್ತದೆ. ಹಾಸಿಗೆಯ ದೃಶ್ಯಗಳಿಗೆ ಇಂಟಿಮಸಿ ಕೋಆರ್ಡಿನೇಟರ್ (ಇಂಥ ದೃಶ್ಯಗಳಲ್ಲಿ ನಟರಿಗೆ ಮುಜುಗರ, ತೊಂದರೆ ಆಗದಂತೆ ನೋಡಿಕೊಳ್ಳುವವರು) ಇಟ್ಟುಕೊಂಡು ಚಿತ್ರೀಕರಿಸಿದ್ದರು. ಹಿಂಸೆ ಇದೆ, ಆದರೆ ಆನಿಮೆಯಷ್ಟು ಕಣ್ಣಿಗೆ ರಾಚುವುದಿಲ್ಲ.

ನಿಜವಾದ ಬೆಲೆ ಇರೋದು ಎರಡನೆಯ ಸೀಸನ್‌ಗೆ. ಅದರ ಮೊದಲ ಭಾಗ ಪೂರ್ತಿ ವೈದ್ಯದ್ದು. ಕೆಂಪು ಸಿಡುಬಿಗೆ ಮದ್ದು ಹುಡುಕಬೇಕೆಂಬ ಯೊಶಿಮುನೆಯ ಆಸೆಯನ್ನು ಮುಂದೆ ತನುಮಾ ಒಕಿತ್ಸುಗು ಕೈಗೆತ್ತಿಕೊಳ್ಳುತ್ತಾಳೆ. ಇತಿಹಾಸದಲ್ಲಿ ಲಂಚಕೋರ ಅಂತ ಹೆಸರು ಕೆಡಿಸಿಕೊಂಡ ಮಂತ್ರಿ ಇಲ್ಲಿ ದೂರದೃಷ್ಟಿಯ ಹೆಣ್ಣು. ಅವಳ ಪರವಾಗಿ ನಾಗಾಸಾಕಿಗೆ ಹೋಗುವವಳು ಹಿರಾಗಾ ಗೆನ್ನಾಯ್. ವಿದ್ಯುತ್ ಯಂತ್ರ ರಿಪೇರಿ ಮಾಡಿ ಹೆಸರಾದ ಇತಿಹಾಸದ ಬಹುಮುಖ ಪಂಡಿತ ಇಲ್ಲಿ ಗಂಡಸಿನಂತೆ ಉಡುವ, ಒಂದು ಕಡೆ ಕೂರಲಾಗದ ಹೆಂಗಸು. ಆನ್ ಸುಜುಕಿ ಈ ಪಾತ್ರವನ್ನು ಹಾರಾಡಿಕೊಂಡೇ ಮಾಡಿದ್ದಾರೆ. ಗೆನ್ನಾಯ್ ಕರೆತರೋದು ಆಓನುಮಾನನ್ನು. ಡಚ್ ಅಪ್ಪನಿಗೆ ಹುಟ್ಟಿದ ನೀಲಿಕಣ್ಣಿನ ವೈದ್ಯ. ಈ ಪಾತ್ರ ಮಾಡಿದ ತತ್ಸುಮಾಸಾ ಮುರಾಸಾಮೆ ಸ್ವೀಡನ್‌ನಲ್ಲಿ ಹುಟ್ಟಿ ಜಪಾನಿನ ಪೌರತ್ವ ಪಡೆದು ತೋಟಗಾರ ಕಸುಬು ಮಾಡುವವರು.

ಓಓಕುವಿನ ಒಂದು ಕೋಣೆಯಲ್ಲಿ ಪಾಠ ಶುರುವಾಗುತ್ತದೆ. ಮೊದಲು ಬರೋರು ಒಂದಿಬ್ಬರು. ಮಿಕ್ಕವರು ಆಓನುಮಾನ ಕೂದಲು, ಕಣ್ಣು ನೋಡಿ ಮೂತಿ ತಿರುಗಿಸುತ್ತಾರೆ. ಡಚ್ ಪುಸ್ತಕ ಬಿಡಿಸಿ ಬಿಡಿಸಿ ಓದುತ್ತಾರೆ. ಸೌಮ್ಯವಾಗಿ ರೋಗ ಬಂದವನ ಮೈಯಿಂದ ಕೀವು ತೆಗೆದು ಆರೋಗ್ಯವಂತನಿಗೆ ತಗುಲಿಸಿದರೆ ಏನಾಗುತ್ತದೆ? ಯಾರಾದರೂ ಸತ್ತರೆ? ಅದರಲ್ಲೂ ದೊಡ್ಡವರ ಮನೆಯ ಮಗು ಸತ್ತರೆ? ಸುಂದರಾಂಗರನ್ನು ಕೂಡಿಹಾಕಿದ್ದ ಸೆರೆಮನೆಯೇ ದೇಶದ ವೈದ್ಯಶಾಲೆಯಾಗುವ ಈ ತಿರುವು ನನಗೆ ಇಡೀ ಕಥೆಯಲ್ಲಿ ಅತಿ ಇಷ್ಟ. ಮುಂದೆ ಆಗೋದನ್ನು ಹೇಳಲ್ಲ, ಎದೆ ಗಟ್ಟಿ ಮಾಡಿಕೊಂಡು ನೋಡಿ. ನಿಜವಾದ ಸಿಡುಬಿನ ವಿಷಯದಲ್ಲೂ ಜಪಾನ್ ಹೀಗೇ ತಡವರಿಸಿತ್ತು. ರೋಗಿಯ ಹಕ್ಕಳೆಯ ಪುಡಿ ಬಳಸಿ ಒಗಾತಾ ಶುನ್ಸಾಕು ಪ್ರಯೋಗ ಮಾಡಿದ್ದು 1790ರಲ್ಲಿ. ಜೆನ್ನರ್ ಕಂಡುಹಿಡಿದ ಹಸುಸಿಡುಬಿನ ಲಸಿಕೆ ನಾಗಾಸಾಕಿಯ ದೆಜಿಮಾ ದ್ವೀಪದ ಡಚ್ಚರ ಮೂಲಕ ಕೈಗೆ ಬಂದದ್ದು 1849ರಲ್ಲಿ, ಇಂಗ್ಲೆಂಡಿನಲ್ಲಿ ಬಂದು ಐವತ್ತು ವರ್ಷ ದಾಟಿದ ಮೇಲೆ.

ಇದೇ ಭಾಗದಲ್ಲಿ ಹಿತೊತ್ಸುಬಾಶಿ ಹರುಸದಾ ಅಂತ ಒಬ್ಬ ಖಳನಾಯಕಿ ಬರುತ್ತಾಳೆ. ಸೇಡಿಲ್ಲ, ಆಸೆಯಿಲ್ಲ, ಬೇಜಾರು ಕಳೆಯೋಕೆ ವಿಷ ಹಾಕುವವಳು. ಯುಕಿಯೆ ನಕಾಮಾ ಮುಗುಳ್ನಗುತ್ತಲೇ ಹೆದರಿಸುತ್ತಾರೆ. ಮಾಂಗಾಗಿಂತ ಇಲ್ಲಿ ಅವಳು ಜಾಸ್ತಿ ಭಯಂಕರ ಅಂತ ಹೇಳೋಕೆ ನನಗೆ ಅಳುಕಿಲ್ಲ.

ಎರಡನೆಯ ಭಾಗ ಶೋಗನ್ ಆಳ್ವಿಕೆಯ ಕೊನೆಗಾಲ. 1853ಕ್ಕೆ ಅಮೆರಿಕದ ನೌಕಾಧಿಕಾರಿ ಪೆರ್ರಿಯ ಕಪ್ಪು ಹಡಗುಗಳು, ಕ್ಯೋಟೊದ ಚಕ್ರವರ್ತಿ ಮನೆತನದಿಂದ ಬಂದ ಕಜುನೊಮಿಯಾಳ ಮದುವೆ, 1868ಕ್ಕೆ ಎಡೊ ಕೋಟೆ ಬಿಟ್ಟುಕೊಟ್ಟದ್ದು. ಮೊದಲ ಸಂಪುಟದ ಗಂಡುಹೆಸರುಗಳ ಒಗಟು ಬಿಡೋದು ಇಲ್ಲೇ. ಗೆದ್ದವರಿಗೆ ತಾವು ಸೋಲಿಸಿದ್ದು ಹೆಂಗಸರ ಆಳ್ವಿಕೆಯನ್ನು ಅನ್ನೋದೇ ನಾಚಿಕೆ. ಆ ನಾಚಿಕೆ ಏನು ಮಾಡಿಸುತ್ತದೆ ಅಂತ ಊಹಿಸಿ. ಕೋಟೆ ಉಳಿಸಿಕೊಳ್ಳುವ ಮಾತುಕತೆಯ ದೃಶ್ಯದಲ್ಲಿ ಸುಮ್ಮನೆ ಕೂತು ಕೇಳುತ್ತಿದ್ದವಳೊಬ್ಬಳು ಬಾಯಿ ಬಿಡುವಾಗ, ಇಷ್ಟು ಕಂತು ಕಾದದ್ದು ಸಾರ್ಥಕ ಅನಿಸುತ್ತದೆ.

ಇದರ ತೊಂದರೆ ಒಂದೇ. ನೆಟ್‌ಫ್ಲಿಕ್ಸ್ ಆನಿಮೆಯಂತೆ ಗುಂಡಿ ಒತ್ತಿದರೆ ಸಿಗುವಂಥದ್ದಲ್ಲ, ಹುಡುಕಬೇಕು.

ಹಾಗಾದರೆ ಯಾರಿಗೆ ಯಾವುದು

ಓದುವ ಅಭ್ಯಾಸ ಇದ್ದರೆ ಯೋಚನೆಯೇ ಬೇಡ, ಮಾಂಗಾದ ಮೊದಲ ಸಂಪುಟ ಒಂದೇ ಒಂದು ತಗೊಳ್ಳಿ. ಅದು ತನ್ನಷ್ಟಕ್ಕೆ ಪೂರ್ತಿಯಾದ ಕಥೆ. ಯೊಶಿಮುನೆ ಹಿಡಿಸದಿದ್ದರೆ ಅಲ್ಲಿಗೇ ಬಿಡಬಹುದು, 19 ಸಂಪುಟದ ಸಾಲ ಇರಲ್ಲ. ಹಿಡಿಸಿದರೆ ಎಂಟರಿಂದ ಹತ್ತನೆಯ ಸಂಪುಟದವರೆಗಿನ ವೈದ್ಯದ ಭಾಗ ಮುಟ್ಟುವ ತನಕ ನಿಲ್ಲಿಸಬೇಡಿ. ನಡುವೆ ಆರನೆಯದರ ಆಚೀಚೆ ಸ್ವಲ್ಪ ಜಗ್ಗುತ್ತದೆ. 1714ರ ಎಜಿಮಾ ಪ್ರಕರಣ, ಅಂದರೆ ಅಂತಃಪುರದ ಹಿರಿಯಾಳು ಒಬ್ಬ ನಾಟಕದವರ ಜೊತೆ ಸಿಕ್ಕಿಬಿದ್ದು ಗಡೀಪಾರಾದ ಹಗರಣ, ಜಪಾನಿನವರಿಗೆ ಮೊದಲೇ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲದಿರೋದು ಅದಕ್ಕೊಂದು ಕಾರಣ.

ಓದೋಕೆ ಪುರುಸೊತ್ತಿಲ್ಲ, ರಾಜಕೀಯ, ಇತಿಹಾಸ ಇಷ್ಟ ಅನ್ನುವವರಿಗೆ ಎನ್‌ಎಚ್‌ಕೆ. ಅಳು ಬರಿಸುವ ಪ್ರೇಮಕಥೆ ಸಾಕು ಅನ್ನುವವರಿಗೆ 2012ರ ಧಾರಾವಾಹಿ ಇಲ್ಲವೇ ಆನಿಮೆ, ಎರಡರಲ್ಲಿ ಒಂದು ನೋಡಿದರೆ ಸಾಕು. ಆನಿಮೆ ಈಗಾಗಲೇ ನೋಡಿ ಮುಗಿಸಿದ್ದರೆ ಮಾಂಗಾವನ್ನು ನಾಲ್ಕನೆಯ ಸಂಪುಟದಿಂದ ಹಿಡಿಯಿರಿ, ಕೊಂಡಿ ತಪ್ಪೋದಿಲ್ಲ.

ಹುಡುಕುವಾಗ ಒಂದು ಎಚ್ಚರಿಕೆ. ‘ಓಓಕು’ ಹೆಸರಿನಲ್ಲಿ ಫುಜಿ ಟಿವಿಯವರ ಬೇರೆ ಧಾರಾವಾಹಿಗಳೂ ಸಿನಿಮಾವೂ ಇವೆ. ಅವೆಲ್ಲ ನಿಜವಾದ ಅಂತಃಪುರದ ಹೆಂಗಸರ ಕಥೆ, ಅಲ್ಲಿ ಶೋಗನ್ ಗಂಡಸೇ. ಗೊಂದಲ ಇನ್ನೂ ಹೆಚ್ಚಿಸೋಕೆ 2003ರ ಫುಜಿ ಧಾರಾವಾಹಿಯಲ್ಲಿ ಮಿಹೊ ಕನ್ನೊ ಇದ್ದಾರೆ, 2006ರ ಸಿನಿಮಾದಲ್ಲಿ ಎಜಿಮಾ ಆಗಿ ಯುಕಿಯೆ ನಕಾಮಾ ಇದ್ದಾರೆ. ಮುಖ ನೋಡಿ ಮೋಸ ಹೋಗಬೇಡಿ. ಎರಡು ನಿಮಿಷ ಓಡಿಸಿ, ಗಂಟೆಯ ಹಜಾರದಲ್ಲಿ ಮಂಡಿಯೂರಿರೋದು ಹೆಂಗಸರಾದರೆ ನೀವು ಹುಡುಕುತ್ತಿದ್ದದ್ದು ಅದಲ್ಲ.